ಬೇಡನ ಗಿಡ, ವೈದ್ಯನ ಹೆಸರು: ವೈದ್ಯಕೀಯ ಚರಿತ್ರೆಯ ಪಾಠವೊಂದರ ಓದು

೧

ದಲಿತ ವಿಮರ್ಶೆ ಅಂದ ಕೂಡಲೆ ನಮ್ಮಲ್ಲಿ ಕತೆ, ಕವಿತೆ, ಆತ್ಮಕತೆಗಳ ಮಾತು ಶುರುವಾಗುತ್ತದೆ. ಅದು ಆಗಬೇಕಾದದ್ದೇ. ಆದರೆ ಕಾದಂಬರಿಯೊಂದನ್ನು ಓದುಗ ಬೇಕಾದಾಗ ಓದುತ್ತಾನೆ, ಬೇಡವಾದಾಗ ಮುಚ್ಚಿಡುತ್ತಾನೆ. ಪಠ್ಯಪುಸ್ತಕವನ್ನು ಹಾಗೆ ಮುಚ್ಚಿಡಲು ಬರುವುದಿಲ್ಲ. ಅದನ್ನು ಬಾಯಿಪಾಠ ಮಾಡಬೇಕು, ಪರೀಕ್ಷೆಯಲ್ಲಿ ಬರೆಯಬೇಕು, ಪಾಸಾದ ಮೇಲೆ ಜೀವಮಾನವಿಡೀ ಅದನ್ನೇ ಸತ್ಯ ಅಂತ ನಂಬಬೇಕು. ಹೀಗೆ ನೋಡಿದರೆ ನಮ್ಮ ಕಾಲದ ಅತ್ಯಂತ ಪ್ರಭಾವಶಾಲಿ ಕೃತಿಗಳೆಂದರೆ ಪಠ್ಯಪುಸ್ತಕಗಳೇ. ಅತ್ಯಂತ ಕಡಿಮೆ ವಿಮರ್ಶೆಗೆ ಒಳಗಾದವೂ ಅವೇ.

ಶಾಲೆಯ ಚರಿತ್ರೆ ಪುಸ್ತಕಗಳ ಬಗ್ಗೆ ನಮ್ಮಲ್ಲಿ ಜಗಳಗಳಾಗಿವೆ. ವೈದ್ಯರಾಗುವವರಿಗೆ ಕಲಿಸುವ ಚರಿತ್ರೆಯ ಬಗ್ಗೆ ಆಗಿರುವುದು ಕಡಿಮೆ. ಎಂಬಿಬಿಎಸ್ ಓದುವವರಿಗೆ ಇತಿಹಾಸ ಅಂತ ಬೇರೆ ವಿಷಯವೇನೂ ಇಲ್ಲ. ಸಮುದಾಯ ವೈದ್ಯಶಾಸ್ತ್ರದ ಪುಸ್ತಕದ ಮೊದಲ ಅಧ್ಯಾಯದಲ್ಲಿ ಕೆಲವು ಪುಟಗಳು, ಶಸ್ತ್ರಚಿಕಿತ್ಸೆಯ ಪಾಠದ ಆರಂಭದಲ್ಲಿ ನಾಲ್ಕು ಮಾತು, ಅಷ್ಟೇ. ೧೯೭೦ರಲ್ಲಿ ಮೊದಲು ಅಚ್ಚಾದ ಪಾರ್ಕ್ ಅವರ ಪುಸ್ತಕವನ್ನು ಹುಡುಗರು ಬರೀ 'ಪಾರ್ಕ್' ಅಂತಲೇ ಕರೆಯುತ್ತಾರೆ. ಆವೃತ್ತಿಯಿಂದ ಆವೃತ್ತಿಗೆ ಬೆಳೆದು ದೇಶದ ತಲೆಮಾರುಗಳ ವೈದ್ಯರನ್ನು ತಯಾರು ಮಾಡಿದ ಪುಸ್ತಕ ಅದು. ಅದರ ಮೊದಲ ಅಧ್ಯಾಯ ಮನುಷ್ಯ ಮತ್ತು ವೈದ್ಯಕೀಯದ ಚರಿತ್ರೆ.

ಆ ಅಧ್ಯಾಯದ ಕ್ರಮ ನೋಡಿ. ಮೊದಲು ಆದಿಮ ವೈದ್ಯ. ನಂತರ ಭಾರತೀಯ, ಚೀನೀ, ಈಜಿಪ್ಟಿನ, ಮೆಸಪಟೋಮಿಯಾದ, ಗ್ರೀಕ್, ರೋಮನ್ ವೈದ್ಯಗಳು. ಆಮೇಲೆ ಮಧ್ಯಯುಗದ ಕತ್ತಲೆ, ಅದರ ಹಿಂದೆಯೇ ವಿಜ್ಞಾನದ ಬೆಳಗು. ಭಾರತೀಯ ವೈದ್ಯ ಅಂದರೆ ಚರಕ, ಸುಶ್ರುತ. ಆದಿಮ ವೈದ್ಯ ಅಂದರೆ ದೇವರ ಕೋಪ, ಮಾಟ, ತಾಯಿತ. ಆದಿಮಾನವ ಅಳಿದಿರಬಹುದು, ಆದರೆ ಅವನ ಸಂತತಿಯಾದ ನಾಟಿ ವೈದ್ಯರು ಇನ್ನೂ ಎಲ್ಲೆಲ್ಲೂ ಇದ್ದಾರೆ ಎಂಬ ಅರ್ಥದ ಮಾತೂ ಅಲ್ಲಿ ಬರುತ್ತದೆ. ಅಂದರೆ ಯಲ್ಲಾಪುರದ ಕಾಡಿನಲ್ಲಿ ಬೇರು ಅಗೆಯುವ ಸಿದ್ದಿ, ಅಂಕೋಲೆಯ ಬೆಳಂಬಾರದಲ್ಲಿ ಪಾರ್ಶ್ವವಾಯುವಿಗೆ ಮದ್ದು ಕೊಡುವ ಹಾಲಕ್ಕಿ ಒಕ್ಕಲಿಗ, ಇವರೆಲ್ಲ ಚರಿತ್ರೆ ಶುರುವಾಗುವುದಕ್ಕೂ ಮುಂಚಿನವರು. ಅವರ ಪಕ್ಕದಲ್ಲೇ ಬೆಳೆದ ಗಿಡದ ಹೆಸರು ಸಂಸ್ಕೃತದಲ್ಲಿ ದಾಖಲಾದರೆ ಮಾತ್ರ ಅದು ಭಾರತೀಯ ವೈದ್ಯ. ಗಿಡ ಒಂದೇ, ಕಾಡು ಒಂದೇ. ಅಧ್ಯಾಯದಲ್ಲಿ ಅವರಿಗೆ ಸಿಗುವ ಜಾಗ ಮಾತ್ರ ಬೇರೆ.

ಈ ವಿಂಗಡಣೆ ಎಲ್ಲಿಂದ ಬಂತು? ಇಂಗ್ಲಿಷಿನವರಿಂದ ಅಂತ ಸುಲಭವಾಗಿ ಹೇಳಿಬಿಡಬಹುದು. ಅದು ಅರ್ಧ ಸತ್ಯ. ಉಳಿದರ್ಧ ನಾವು ಹೆಮ್ಮೆಯಿಂದ ತೋರಿಸುವ ಸಂಹಿತೆಗಳ ಒಳಗೇ ಇದೆ.

೨

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಎರಡು ಅಧ್ಯಾಯಗಳನ್ನು ಎದುರುಬದುರು ಇಟ್ಟು ಓದಬೇಕು. ೩೬ನೇ ಅಧ್ಯಾಯ ಔಷಧದ ಗಿಡಗಳನ್ನು ಗುರುತಿಸುವ ಬಗೆ ಹೇಳುತ್ತದೆ. ಯಾರನ್ನು ಕೇಳಬೇಕು? ದನ ಕಾಯುವವರನ್ನು, ತಪಸ್ವಿಗಳನ್ನು, ಬೇಡರನ್ನು, ಕಾಡಿನಲ್ಲಿ ತಿರುಗುವವರನ್ನು, ಗೆಡ್ಡೆಗೆಣಸು ತಿಂದು ಬದುಕುವವರನ್ನು. ಅಂದರೆ ವೈದ್ಯನ ಮೊದಲ ಮೇಷ್ಟರು ಇವರು.

ಈಗ ೨ನೇ ಅಧ್ಯಾಯಕ್ಕೆ ಬನ್ನಿ. ಅಲ್ಲಿ ಶಿಷ್ಯನಿಗೆ ದೀಕ್ಷೆ ಕೊಡುವ ಪ್ರಸಂಗ. ದ್ವಿಜರು, ಬಡವರು, ಅನಾಥರು, ಸನ್ಯಾಸಿಗಳು, ಇವರಿಗೆಲ್ಲ ನೆಂಟರಿಗೆ ಮಾಡಿದ ಹಾಗೆ ಸ್ವಂತ ಖರ್ಚಿನಲ್ಲಿ ಚಿಕಿತ್ಸೆ ಮಾಡು ಅಂತ ಗುರು ಹೇಳುತ್ತಾನೆ. ದೊಡ್ಡ ಮಾತು, ಒಪ್ಪೋಣ. ಅದರ ಬೆನ್ನಿಗೇ ಇನ್ನೊಂದು ಮಾತು: ಬೇಡರಿಗೆ, ಹಕ್ಕಿ ಹಿಡಿಯುವವರಿಗೆ, ಪತಿತರಿಗೆ, ಪಾಪಿಗಳಿಗೆ ಚಿಕಿತ್ಸೆ ಮಾಡಕೂಡದು.

ಎರಡನ್ನೂ ಕೂಡಿಸಿದರೆ ಏನಾಯಿತು? ಬೇಡನಿಂದ ಗಿಡ ಕೇಳು, ಬೇಡನಿಗೆ ಮದ್ದು ಕೊಡಬೇಡ. ಜ್ಞಾನ ಕೆಳಗಿನಿಂದ ಮೇಲಕ್ಕೆ ಹೋಗಬಹುದು, ಔಷಧಿ ಮೇಲಿನಿಂದ ಕೆಳಕ್ಕೆ ಬರಕೂಡದು. ನನ್ನ ಮಟ್ಟಿಗೆ ಈ ದೇಶದ ವೈದ್ಯಕೀಯ ಚರಿತ್ರೆಯ ಬೀಗದ ಕೈ ಇರುವುದು ಈ ಎರಡು ಅಧ್ಯಾಯಗಳ ನಡುವೆ.

ಚರಕ ಸಂಹಿತೆ ಇದನ್ನೇ ಇನ್ನಷ್ಟು ನಾಜೂಕಾಗಿ ಮಾಡುತ್ತದೆ. ಮೇಕೆ ಕಾಯುವವರು, ಕುರಿ ಕಾಯುವವರು, ದನ ಕಾಯುವವರು, ವನವಾಸಿಗಳು, ಇವರಿಗೆ ಗಿಡಗಳ ಹೆಸರೂ ರೂಪವೂ ಗೊತ್ತು ಅಂತ ಮೊದಲ ಅಧ್ಯಾಯದಲ್ಲೇ ಒಪ್ಪಿಕೊಳ್ಳುತ್ತದೆ. ಮರುಕ್ಷಣವೇ ಹೆಸರು, ರೂಪ ಗೊತ್ತಿದ್ದರೆ ಸಾಲದು, ಪ್ರಯೋಗ ಬಲ್ಲವನೇ ತತ್ತ್ವ ಬಲ್ಲವನು ಎನ್ನುತ್ತದೆ. ಮಾತು ತಾರ್ಕಿಕವಾಗಿಯೇ ಇದೆ. ಆದರೆ ಜ್ವರ ಬಂದ ಮಗುವಿಗೆ ಸೊಪ್ಪು ಅರೆದು ಕುಡಿಸುವ ಕುರುಬರ ಹೆಂಗಸಿಗೆ ಪ್ರಯೋಗ ಗೊತ್ತಿಲ್ಲ ಅಂತ ಯಾರು ತೀರ್ಮಾನಿಸಿದರು? ಆಯುರ್ವೇದವನ್ನು ಬ್ರಾಹ್ಮಣ, ಕ್ಷತ್ರಿಯ, ವೈಶ್ಯರು ಓದಬೇಕು ಅಂತ ಅದೇ ಗ್ರಂಥ ಹೇಳುತ್ತದೆ. ಕುಲಗುಣವುಳ್ಳ ಶೂದ್ರನಿಗೆ ಮಂತ್ರವಿಲ್ಲದೆ, ಉಪನಯನವಿಲ್ಲದೆ ಕಲಿಸಬಹುದು ಅಂತ ಕೆಲವರ ಅಭಿಪ್ರಾಯವಿದೆ ಎಂದು ಸುಶ್ರುತ ಸೇರಿಸುತ್ತಾನೆ. ಶೂದ್ರನಿಗೂ ಕೆಳಗಿನವರ ಮಾತೇ ಅಲ್ಲಿಲ್ಲ.

ದೇವಿಪ್ರಸಾದ್ ಚಟ್ಟೋಪಾಧ್ಯಾಯರು ೧೯೭೭ರಲ್ಲಿ ಪ್ರಕಟಿಸಿದ ಪ್ರಾಚೀನ ಭಾರತದ ವಿಜ್ಞಾನ ಮತ್ತು ಸಮಾಜದ ಅಧ್ಯಯನದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಹೆಣ, ಕೀವು, ರಕ್ತ ಮುಟ್ಟುವ ವೈದ್ಯನೇ ಪುರೋಹಿತಶಾಹಿಗೆ ಮೈಲಿಗೆಯವನು. ವೈದ್ಯ ಕೊಟ್ಟ ಅನ್ನ ಕೀವಿಗೆ ಸಮ ಅಂತ ಮನುಸ್ಮೃತಿ ಬರೆಯಿತು, ಅವನನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟಿತು. ಹಾಗಾಗಿ ಸಂಹಿತೆಗಳಲ್ಲಿರುವ ಗೋಬ್ರಾಹ್ಮಣ ಭಕ್ತಿಯ ಮಾತುಗಳೆಲ್ಲ ವೈದ್ಯರು ಬದುಕಿಕೊಳ್ಳಲು ಕಟ್ಟಿದ ಸುಂಕ ಎಂಬುದು ಅವರ ವಾದದ ತಿರುಳು. ಒಪ್ಪತಕ್ಕ ವಾದ. ಆದರೆ ನಾವು ಒಂದು ಹೆಜ್ಜೆ ಮುಂದೆ ಹೋಗಿ ಕೇಳಬೇಕು: ಆ ಸುಂಕ ಯಾರ ಗಂಟಿನಿಂದ ಹೋಯಿತು? ವೈದ್ಯ ತನ್ನ ಮೈಲಿಗೆ ಕಳೆದುಕೊಳ್ಳಲು ಬಿಟ್ಟುಕೊಟ್ಟದ್ದು ಬೇಡನ ಚಿಕಿತ್ಸೆಯನ್ನು.

ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. ೧೯೨೯ರ ಡಿಸೆಂಬರ್ ೧೨ರ 'ಯಂಗ್ ಇಂಡಿಯಾ'ದಲ್ಲಿ ಕಾಠಿಯಾವಾಡದ ಅಸ್ಪೃಶ್ಯ ಶಿಕ್ಷಕರೊಬ್ಬರ ಪತ್ರ ಅಚ್ಚಾಯಿತು. ಅಂಬೇಡ್ಕರ್ ಅದನ್ನು ತಮ್ಮ 'ವೀಸಾಗಾಗಿ ಕಾಯುತ್ತಾ' ಬರಹದಲ್ಲಿ ದಾಖಲಿಸಿದ್ದಾರೆ. ಹೆರಿಗೆಯಾದ ಹೆಂಡತಿಗೆ ಜ್ವರ. ಡಾಕ್ಟರು ಕೇರಿಯೊಳಗೆ ಬರಲು ಒಪ್ಪಲಿಲ್ಲ, ಬಾಣಂತಿಯನ್ನೇ ಹೊರಗೆ ತರಿಸಿದರು. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟರು, ಅವನು ಗಂಡನಿಗೆ ಕೊಟ್ಟ, ಗಂಡ ಹೆಂಡತಿಗೆ ಕೊಟ್ಟ, ಅದೇ ದಾರಿಯಲ್ಲಿ ಅದು ವಾಪಸಾಯಿತು. ನ್ಯುಮೋನಿಯಾ ಅಂದರು. ಎರಡನೇ ಸಲ ಬರಲಿಲ್ಲ. ಆಕೆ ಸತ್ತಳು. ಅವರು ಹಿಡಿದಿದ್ದದ್ದು ಯೂರೋಪಿನ ಉಪಕರಣ. ಕೈ ಮಾತ್ರ ಸುಶ್ರುತನ ಎರಡನೇ ಅಧ್ಯಾಯದ ಕೈ. ವೈದ್ಯಕೀಯದ ಚರಿತ್ರೆಯಲ್ಲಿ ಥರ್ಮಾಮೀಟರ್ ಯಾವಾಗ ಬಂತು ಅಂತ ಪ್ರಶ್ನೆ ಕೇಳಬಹುದು. ಅದು ಕೇರಿಯೊಳಗೆ ಯಾವಾಗ ಬಂತು ಅನ್ನುವುದೂ ಚರಿತ್ರೆಯ ಪ್ರಶ್ನೆಯೇ.

೩

ಜ್ಞಾನ ಮೇಲಕ್ಕೆ ಹೋಗುವಾಗ ಹೆಸರು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಮೂಗಿನ ಕತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪ್ಲಾಸ್ಟಿಕ್ ಸರ್ಜರಿಯ ಪಿತಾಮಹ ಯಾರು ಅಂದರೆ ಮೊದಲ ವರ್ಷದ ವಿದ್ಯಾರ್ಥಿಯೂ ಸುಶ್ರುತ ಅನ್ನುತ್ತಾನೆ. ಸುಶ್ರುತ ಸಂಹಿತೆಯಲ್ಲಿ ಕತ್ತರಿಸಿದ ಮೂಗನ್ನು ಕೂಡಿಸುವ ವಿಧಾನ ಇರುವುದು ನಿಜ. ಅಲ್ಲಿ ಹೇಳಿರುವುದು ಕೆನ್ನೆಯ ಚರ್ಮ ತೆಗೆಯುವ ವಿಧಾನ.

ಆದರೆ ಆಧುನಿಕ ಶಸ್ತ್ರವೈದ್ಯರಿಗೆ ಈ ವಿದ್ಯೆ ತಲುಪಿದ ದಾರಿ ಬೇರೆ. ಮೂರನೇ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠ ಟಿಪ್ಪುವಿನ ಸೆರೆಯಾದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಕಳಿಸಿದರು. ಆಮೇಲೆ ಪುಣೆಯ ಹತ್ತಿರ ಒಬ್ಬಾತ ಅವನಿಗೆ ಹೊಸ ಮೂಗು ಮಾಡಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಇಟ್ಟು ಗೆರೆ ಎಳೆದು, ಹಣೆಯ ಚರ್ಮ ಬಿಡಿಸಿ, ತಿರುಗಿಸಿ, ಮೂಗಿನ ಜಾಗಕ್ಕೆ ಕೂಡಿಸಿದ. ಕಂಡ ಇಂಗ್ಲಿಷ್ ವೈದ್ಯರು ದಂಗಾದರು. ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರದ ಸಮೇತ ಅಚ್ಚು ಮಾಡಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ೧೮೧೪ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನ ಪ್ರಯೋಗಿಸಿ, ೧೮೧೬ರಲ್ಲಿ ಪುಸ್ತಕ ಬರೆದ. ಅಲ್ಲಿಂದ ಅದು ಜಗತ್ತಿನ ವಿದ್ಯೆಯಾಯಿತು.

ಪುಣೆಯ ಆ ಶಸ್ತ್ರವೈದ್ಯ ಯಾರು? ವರದಿಯಲ್ಲಿರುವುದು ಇಷ್ಟೇ: ಇಟ್ಟಿಗೆ ಮಾಡುವವರ ಜಾತಿಯವನು. ರೋಗಿಯ ಹೆಸರಿದೆ, ಶತ್ರುವಿನ ಹೆಸರಿದೆ, ಕದ್ದು ನೋಡಿ ಕಲಿತವನ ಹೆಸರಿದೆ. ಮಣ್ಣು ಕಲಸುವ ಕೈಯಿಂದ ಮನುಷ್ಯನ ಮೂಗು ಮಾಡಿದವನಿಗೆ ಜಾತಿಯಷ್ಟೇ ಉಳಿಯಿತು. ಆಮೇಲೆ ನಮ್ಮ ರಾಷ್ಟ್ರೀಯವಾದಿ ಚರಿತ್ರೆ ಬಂದು ಆ ಖಾಲಿ ಜಾಗದಲ್ಲಿ ಸುಶ್ರುತನನ್ನು ಕೂರಿಸಿತು. ಹಣೆಯ ಚರ್ಮವೋ ಕೆನ್ನೆಯ ಚರ್ಮವೋ ಅಂತ ನೋಡುವ ವ್ಯವಧಾನವೂ ಅದಕ್ಕಿರಲಿಲ್ಲ.

ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ೧೯೦೨ ಮತ್ತು ೧೯೦೯ರಲ್ಲಿ ಎರಡು ಸಂಪುಟಗಳಾಗಿ ಬರೆದ ಹಿಂದೂ ರಸಾಯನಶಾಸ್ತ್ರದ ಚರಿತ್ರೆಯಲ್ಲಿ, ಜಾತಿ ಪದ್ಧತಿ ಬುದ್ಧಿಯನ್ನೂ ಕೈಕೆಲಸವನ್ನೂ ಬೇರೆ ಮಾಡಿದ್ದರಿಂದ ನಮ್ಮಲ್ಲಿ ವಿಜ್ಞಾನ ಸೊರಗಿತು ಅಂದರು. ಆ ಕಾಲಕ್ಕೆ ಅದು ಧೈರ್ಯದ ಮಾತು. ಆದರೆ ಪುಣೆಯ ಪ್ರಸಂಗ ಇನ್ನೊಂದನ್ನು ಹೇಳುತ್ತಿದೆ. ವಿದ್ಯೆ ಸತ್ತಿರಲಿಲ್ಲ. ಅದು ಕುಂಬಾರನ ಕೈಯಲ್ಲಿ, ಹಜಾಮನ ಕತ್ತಿಯಲ್ಲಿ, ಸೂಲಗಿತ್ತಿಯ ಬೆರಳಲ್ಲಿ ಜೀವಂತವಾಗಿತ್ತು. ಸತ್ತದ್ದು ಮೇಲುಜಾತಿಯ ಕೈ ಮಾತ್ರ. ಕಂಚ ಐಲಯ್ಯನವರು ೨೦೦೯ರ ತಮ್ಮ ಕೃತಿಯಲ್ಲಿ ಹಜಾಮರನ್ನು ಸಾಮಾಜಿಕ ವೈದ್ಯರು ಅಂತ ಕರೆದದ್ದು ಈ ಅರ್ಥದಲ್ಲಿ.

೪

ಈಗ ಗುಡ್ನಾಪುರಕ್ಕೆ ಬರೋಣ. ಶಿರಸಿ ತಾಲೂಕಿನ ಈ ಊರು ಬನವಾಸಿಗೆ ಹತ್ತಿರದ್ದು. ಕೆರೆ ಇದೆ, ಸುತ್ತ ಗದ್ದೆ, ಅದರಾಚೆ ಕಾಡು. ಕದಂಬ ರವಿವರ್ಮನ ಕಂಬದ ಶಾಸನ ಸಿಕ್ಕಿದ್ದು ಇಲ್ಲಿ. ಸುಮಾರು ಐದನೇ ಶತಮಾನದ ಕೊನೆ, ಆರನೆಯದರ ಆರಂಭದ ಕಾಲ. ಬಿ.ಆರ್. ಗೋಪಾಲ್ ಅವರು ಓದಿ ಪ್ರಕಟಿಸಿದ ಈ ಶಾಸನ ಸಂಸ್ಕೃತದಲ್ಲಿದೆ. ಕದಂಬರ ವಂಶಾವಳಿ, ಅರಮನೆ, ಕಾಮಜಿನಾಲಯ, ಅದಕ್ಕೆ ಬಿಟ್ಟ ಭೂಮಿ, ಕೆರೆ, ಎಲ್ಲ ಅದರಲ್ಲಿವೆ. ಕೆರೆಯ ಹೆಸರಿದೆ, ಕೆರೆಯ ಮಣ್ಣು ಹೊತ್ತವರ ಹೆಸರಿಲ್ಲ. ಶಾಸನ ಅಂದರೆ ಹಾಗೇ, ಭೂಮಿ ಕೊಟ್ಟವನ ಮತ್ತು ಪಡೆದವನ ನಡುವಿನ ಪತ್ರ. ವೈದ್ಯಕೀಯ ಪಠ್ಯಪುಸ್ತಕದ ಚರಿತ್ರೆಯೂ ಈ ಶಾಸನದ ಮಾದರಿಯಲ್ಲೇ ಬರೆದದ್ದು ಅಂತ ನನಗನ್ನಿಸುತ್ತದೆ. ದಾನಿಯ ಹೆಸರು, ಗುರುವಿನ ಹೆಸರು, ವಂಶಾವಳಿ, ಮುಗಿಯಿತು.

ಇದೇ ಬನವಾಸಿ ನಾಡಿನ ಬಳ್ಳಿಗಾವೆಯಲ್ಲಿ ೧೧೬೨ರ ಇನ್ನೊಂದು ಶಾಸನವಿದೆ. ಅದು ಕೋಡಿಯ ಮಠವನ್ನು ಹೊಗಳುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಜಾಗ ಅದು. ಜೊತೆಗೆ ಬಡವರು, ಕುರುಡರು, ಕುಂಟರು, ಕಿವುಡರು, ಹಾಡುವವರು, ಕತೆ ಹೇಳುವವರು, ಕ್ಷಪಣಕರು, ದೇಶದೇಶದ ಭಿಕ್ಷುಕರು, ಇವರಿಗೆಲ್ಲ ಅನ್ನ ಸಿಗುವ ಜಾಗ. ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಸಿಗುವ ಜಾಗವೂ ಹೌದು. ಅಂದರೆ ಒಂಬತ್ತು ಶತಮಾನದ ಹಿಂದೆ ನಮ್ಮ ನೆರೆಯಲ್ಲೇ ಒಂದು ಧರ್ಮಾಸ್ಪತ್ರೆ ಇತ್ತು. ರೋಮಿನ ಆಸ್ಪತ್ರೆಯ ಬಗ್ಗೆ ಓದುವ ನಮ್ಮ ಹುಡುಗರಿಗೆ ಬಳ್ಳಿಗಾವೆಯದು ಗೊತ್ತಿರಬೇಕಾಗಿತ್ತು. ಆದರೆ ಅದನ್ನು ಕಲಿಸುವಾಗ ಒಂದು ಮಾತು ಸೇರಿಸಿ ಕಲಿಸಬೇಕು. ಅಷ್ಟು ಉದ್ದದ ಆ ಪಟ್ಟಿಯಲ್ಲಿ ಅಂಗವಿಕಲರಿದ್ದಾರೆ, ಬೇರೆ ಮತದ ಸನ್ಯಾಸಿಗಳಿದ್ದಾರೆ, ಹೊಲಗೇರಿಯ ಹೆಸರಿಲ್ಲ. ಬಡತನಕ್ಕೆ ಕರುಣೆ ತೋರಿಸುವುದು ಈ ಪರಂಪರೆಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಮುಟ್ಟುವುದು ಕಷ್ಟವಾಗಿತ್ತು.

ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಬೇರೊಂದು ಪ್ರಯತ್ನ ನಡೆದಿತ್ತು. ಮಾದಾರ ಚೆನ್ನಯ್ಯನನ್ನು ಅಪ್ಪ ಅಂತ ಕರೆದ ಶರಣರ ಪರಂಪರೆಯಲ್ಲಿ ವೈದ್ಯ ಸಂಗಣ್ಣ ಎಂಬ ವಚನಕಾರನೂ ಇದ್ದಾನೆ. ವೃತ್ತಿಯಿಂದ ವೈದ್ಯ, ರೋಗದ ಮಾತಿನಲ್ಲೇ ಅನುಭಾವ ಹೇಳಿದವನು. ಕನ್ನಡದಲ್ಲಿ ವೈದ್ಯಗ್ರಂಥಗಳ ದೊಡ್ಡ ಸಾಲೇ ಇದೆ. ಚಾಲುಕ್ಯ ಕೀರ್ತಿವರ್ಮನ 'ಗೋವೈದ್ಯ', ಮಂಗರಾಜನ ವಿಷವೈದ್ಯದ 'ಖಗೇಂದ್ರಮಣಿದರ್ಪಣ', ನಮ್ಮ ಜಿಲ್ಲೆಯ ನಗಿರೆಯ ಆಸ್ಥಾನದ ಸಾಳ್ವ ಕವಿಯ 'ವೈದ್ಯಸಾಂಗತ್ಯ'. ಕನ್ನಡ ಎಂಎ ವಿದ್ಯಾರ್ಥಿಗಳು ಇವನ್ನು ಶಾಸ್ತ್ರಸಾಹಿತ್ಯ ಅಂತ ಓದುತ್ತಾರೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಇವು ಇದ್ದದ್ದೇ ಗೊತ್ತಿಲ್ಲ. ಹೀಗೆ ಸಂಸ್ಕೃತ ಒಂದೇ ಭಾರತೀಯ ವೈದ್ಯದ ಭಾಷೆಯಾಯಿತು.

೫

ಶಿರಸಿ ಅಂದರೆ ಮಾರಿಕಾಂಬೆ. ಎರಡು ವರ್ಷಕ್ಕೊಮ್ಮೆ ಜಾತ್ರೆ. ಮಾರಿ ಅಂದರೆ ನಮ್ಮ ಕಡೆ ದೇವಿಯೂ ಹೌದು, ಸಿಡುಬೂ ಹೌದು. ದಕ್ಷಿಣ ಭಾರತದ ಉದ್ದಕ್ಕೂ ಹರಡಿರುವ ಮಾರಿಯ ಕತೆ ನಿಮಗೆ ಗೊತ್ತಿದೆ: ಜಾತಿ ಮುಚ್ಚಿಟ್ಟು ಬ್ರಾಹ್ಮಣ ಹುಡುಗಿಯನ್ನು ಮದುವೆಯಾದ ಕೆಳಜಾತಿಯವನು, ಗೊತ್ತಾದಾಗ ಅವಳ ಸಿಟ್ಟು, ಅವಳು ಮಾರಿಯಾದದ್ದು, ಅವನು ಕೋಣನಾದದ್ದು. ಶಿರಸಿಯಲ್ಲಿ ಕೋಣದ ಬಲಿ ನಿಂತು ದಶಕಗಳೇ ಆದವು; ೧೯೩೪ರಲ್ಲಿ ಗಾಂಧೀಜಿ ಬಂದ ಕಾಲದಲ್ಲೇ ಅದರ ಚರ್ಚೆ ಬಿಸಿಯಾಗಿತ್ತು. ಆದರೆ ಆ ಕತೆಯನ್ನು ರೋಗವಿಜ್ಞಾನದ ಪಠ್ಯವಾಗಿ ಓದಿ ನೋಡಿ. ಊರಿಗೆ ಸಿಡುಬು ಯಾಕೆ ಬರುತ್ತದೆ? ಹೊಲೆಮಾದಿಗರವನು ಮುಟ್ಟಬಾರದವಳನ್ನು ಮುಟ್ಟಿದ್ದರಿಂದ. ರೋಗ ಹೇಗೆ ಹೋಗುತ್ತದೆ? ಅವನ ಕತ್ತು ಕಡಿದರೆ. ಜಾತ್ರೆಯಲ್ಲಿ ದೇವಿಯ ಪದ ಹಾಡಿ ಸೇವೆ ಮಾಡುವ ಅಸಾದಿಗಳೂ ಅದೇ ಕೇರಿಯವರು. ರೋಗದ ಕಾರಣವೂ ಅವರೇ, ಬಲಿಯೂ ಅವರೇ, ಪರಿಹಾರದ ಚಾಕರಿಯೂ ಅವರದೇ.

ಹಾಗಾದರೆ ಲಸಿಕೆ ಬಂದಾಗ ಏನಾಯಿತು? ಪಠ್ಯಪುಸ್ತಕದಲ್ಲಿ ಸಿಡುಬಿನ ಚರಿತ್ರೆ ೧೭೯೬ರ ಜೆನ್ನರ್‌ನಿಂದ ಶುರುವಾಗಿ ೧೯೮೦ರ ವಿಶ್ವ ಆರೋಗ್ಯ ಸಂಸ್ಥೆಯ ಘೋಷಣೆಗೆ ಮುಗಿಯುತ್ತದೆ. ನಡುವಿನದು ಕೈಗಳ ಕತೆ. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಭಾರತದ ಮೊದಲ ಲಸಿಕೆ ಹಾಕಿದರು. ಆಗ ಇವತ್ತಿನ ಹಾಗೆ ಸೀಸೆಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡುವ ಲಸಿಕೆ ಇರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಹೀಗೆ ಊರಿಂದೂರಿಗೆ ಮಕ್ಕಳ ಮೈಯಲ್ಲೇ ಲಸಿಕೆ ಪ್ರಯಾಣ ಮಾಡಿತು. ಯಾರ ಮಕ್ಕಳು? ಹೆಚ್ಚಿನ ಪಾಲು ಬಡವರ, ಕೆಳಜಾತಿಗಳ ಮಕ್ಕಳು. ಗುಳ್ಳೆ ಒಡೆದು ರಸ ತೆಗೆಯುವುದು ನೋವಿನ ಕೆಲಸ. ಬೇಡ ಅನ್ನುವ ಶಕ್ತಿ ಇದ್ದವರು ಬೇಡ ಅಂದರು. ಪರೆಯರ, ಹೊಲೆಯರ ಮಗುವಿನ ಮೈಯ ರಸ ನಮ್ಮ ಮಗುವಿನ ಮೈಗೆ ಬೇಡ ಅಂತ ಮೇಲುಜಾತಿಯವರು ತಕರಾರು ತೆಗೆದದ್ದು ವಸಾಹತು ಕಾಲದ ದಾಖಲೆಗಳಲ್ಲಿದೆ. ಕರುವಿನ ಮೈಯಿಂದ ರಸ ತೆಗೆಯುವ ವಿಧಾನ ರೂಢಿಗೆ ಬಂದ ಮೇಲೆ ಈ ತಕರಾರು ಕರಗಿತು. ಬೆಳಗಾವಿಯ ವ್ಯಾಕ್ಸಿನ್ ಡಿಪೊ ಅನ್ನುವ ಹೆಸರು ಆ ಕಾಲದ ಗುರುತು. ಕರುವಿನ ರಸ ಒಪ್ಪಿಗೆ, ಕೇರಿಯ ಮಗುವಿನ ರಸ ಮೈಲಿಗೆ. ಇದಕ್ಕಿಂತ ಸ್ಪಷ್ಟವಾಗಿ ಜಾತಿಯನ್ನು ಯಾವ ಶಾಸ್ತ್ರವೂ ವಿವರಿಸಲಾರದು.

ಈ ದೇಶವನ್ನು ಸಿಡುಬಿನಿಂದ ಕಾಪಾಡಿದ ಸರಪಳಿಯ ಕೊಂಡಿಗಳು ನಮ್ಮ ಅಜ್ಜ ಮುತ್ತಜ್ಜಿಯರ ತೋಳುಗಳು. ಪಾಠದಲ್ಲಿ ಅದಕ್ಕೆ ಅರ್ಧ ಸಾಲೂ ಇಲ್ಲ.

೬

ಗುಡ್ನಾಪುರದಿಂದ ದಕ್ಷಿಣಕ್ಕೆ, ಜಿಲ್ಲೆಯ ಗಡಿ ದಾಟಿದರೆ ಸೊರಬ ತಾಲೂಕು. ಅಲ್ಲಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. ೧೯೫೭ರಲ್ಲಿ ಆ ಭಾಗದಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನಕ್ಕೆ ಜ್ವರ ಬಂತು, ರಕ್ತ ಕಾರಿ ಸತ್ತರು. ಹಳದಿ ಜ್ವರ ಭಾರತಕ್ಕೆ ಬಂತೇನೋ ಅಂತ ಗಾಬರಿಯಾಗಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ೧೯೫೨ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶುರುವಾದ ಸಂಸ್ಥೆ ಅದು. ಹೊಸ ವೈರಸ್ ಸಿಕ್ಕಿತು, ಅದು ರಷ್ಯಾದ ಮಿದುಳುಜ್ವರದ ವೈರಸ್ಸಿನ ನೆಂಟ ಅಂತ ಗೊತ್ತಾಯಿತು, ಕಾಡಿನ ಉಣುಗು ಅದನ್ನು ಹರಡುತ್ತದೆ ಅಂತಲೂ ಗೊತ್ತಾಯಿತು. ದೊಡ್ಡ ಕೆಲಸ, ಅನುಮಾನವಿಲ್ಲ.

ಪಾರ್ಕ್ ಪುಸ್ತಕದಲ್ಲಿ ಈ ರೋಗದ ಪಾಠವಿದೆ. ಸ್ಥಳೀಯರು ಇದನ್ನು ಮಂಗನ ಕಾಯಿಲೆ ಅಂತ ಕರೆಯುತ್ತಿದ್ದರು ಅನ್ನುವ ಒಂದು ವಾಕ್ಯವೂ ಇದೆ. ಆ ವಾಕ್ಯದ ಮೇಲೆ ಬೆರಳಿಟ್ಟು ನಿಲ್ಲಬೇಕು. ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ಸಂಬಂಧ ಇದೆ ಅಂತ ಮೊದಲು ಕಂಡುಕೊಂಡವರು ಯಾರು? ಸೌದೆಗೆ, ದರಕಿಗೆ, ದನ ಮೇಯಿಸಲು ಕಾಡಿಗೆ ಹೋದವರು. ರೋಗಶಾಸ್ತ್ರದ ಭಾಷೆಯಲ್ಲಿ ಅದು ಸಂಶೋಧನೆ. ಪಠ್ಯದಲ್ಲಿ ಮಾತ್ರ ಅದು ಸ್ಥಳೀಯ ಹೆಸರು. ಚರಕನ ಕುರಿಗಾಹಿಗೆ ಗಿಡದ ಹೆಸರು, ರೂಪ ಗೊತ್ತಿತ್ತಲ್ಲ, ಹಾಗೆಯೇ ಇದು.

ಈ ರೋಗ ಯಾರಿಗೆ ಬರುತ್ತದೆ ಅನ್ನುವುದನ್ನೂ ಚರಿತ್ರೆಯಾಗಿ ಓದಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಅಡಿಕೆ ತೋಟಗಳ ಸೀಮೆ. ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಕು ಬೇಕು. ಅದಕ್ಕಾಗಿ ತೋಟದವರಿಗೆ ವಸಾಹತು ಕಾಲದಿಂದ ಸೊಪ್ಪಿನ ಬೆಟ್ಟದ ಹಕ್ಕಿದೆ. ಹಕ್ಕು ಒಬ್ಬರದು, ಬೆಟ್ಟ ಹತ್ತುವ ಕಾಲು ಬಹಳ ಸಲ ಇನ್ನೊಬ್ಬರದು. ಡಿಸೆಂಬರಿನಿಂದ ಮೇ ತನಕ ಉಣುಗಿನ ಕಾಲ. ಒಣ ಎಲೆ ಗುಡಿಸಿ ತಲೆ ಮೇಲೆ ಹೊರುವ ಹೆಂಗಸಿಗೂ, ಸೌದೆಯವನಿಗೂ, ದನಗಾಹಿಗೂ ಅದು ಹತ್ತುತ್ತದೆ. ವೈರಸ್ಸಿಗೆ ಜಾತಿ ಇಲ್ಲ, ನಿಜ. ಬೆಟ್ಟಕ್ಕೆ ಯಾರು ಹೋಗಬೇಕು ಅನ್ನುವುದಕ್ಕೆ ಇದೆ. ೧೯೮೨-೮೩ರಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕೆ ಕಾಡು ಕಡಿದಾಗ ಇದೇ ರೋಗ ಭುಗಿಲೆದ್ದಿತು. ಮಾನವಶಾಸ್ತ್ರಜ್ಞ ಮೈಕೆಲ್ ನಿಕ್ಟರ್ ೧೯೮೭ರಲ್ಲಿ ಇದನ್ನು ಅಭಿವೃದ್ಧಿಯ ರೋಗ ಅಂತ ಕರೆದರು. ಪಾಠದಲ್ಲಿ ವೈರಸ್, ಉಣುಗು, ಮಂಗ ಅಂತ ಬಾಣದ ಗುರುತಿನ ಚಿತ್ರ ಬರುತ್ತದೆ. ಆ ಚಿತ್ರದಲ್ಲಿ ಭೂಮಿ ಯಾರದು ಅನ್ನುವ ಬಾಣ ಇಲ್ಲ.

೧೯೯೦ರಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದು ಅಂತ ೨೦೨೨ರಲ್ಲಿ ನಿಲ್ಲಿಸಿದರು. ೨೦೨೪ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮತ್ತೆ ಸಾವುಗಳಾದವು. ಆಗ ಜನರ ಕೈಯಲ್ಲಿದ್ದದ್ದು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ. ೧೯೫೭ರಿಂದ ಎಣಿಸಿದರೆ ೬೭ ವರ್ಷ. ಮಂಗನ ಸಾವು ಗುರುತಿಸಿ ಜಗತ್ತಿಗೆ ಒಂದು ವೈರಸ್ಸಿನ ಸುಳಿವು ಕೊಟ್ಟವರಿಗೆ ಜಗತ್ತು ವಾಪಸು ಕೊಟ್ಟದ್ದು ಇಷ್ಟು. ಬೇಡನಿಂದ ಗಿಡ ಕೇಳು ಅನ್ನುವ ಅಧ್ಯಾಯ ಇನ್ನೂ ನಡೆಯುತ್ತಿದೆ.

೭

ಅದೇ ೧೯೫೭ರಲ್ಲಿ ಇನ್ನೆರಡು ಸಂಗತಿಗಳಾದವು. ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಶುರುವಾಯಿತು. ಮೈಸೂರು ರಾಜ್ಯದ ಶಾಸನಸಭೆ ಅನಾಟಮಿ ಕಾಯ್ದೆಯನ್ನು ತಂದಿತು. ವಾರಸುದಾರರಿಲ್ಲದ ಹೆಣಗಳು ವೈದ್ಯಕೀಯ ಕಾಲೇಜುಗಳಿಗೆ ಸಿಗುವ ಹಾಗೆ ಮಾಡಿದ ಕಾಯ್ದೆ ಅದು. ೨೦೧೩ರಲ್ಲಿ ಕಾರವಾರಕ್ಕೂ ವೈದ್ಯಕೀಯ ಸಂಸ್ಥೆ ಬಂತು, ನಮ್ಮ ಜಿಲ್ಲೆಯ ಮಕ್ಕಳಿಗೆ ಹತ್ತಿರವಾಯಿತು.

ಅಂಗರಚನೆಯ ಚರಿತ್ರೆಯ ಪಾಠದಲ್ಲಿ ಕಲ್ಕತ್ತೆಯ ಪಂಡಿತ ಮಧುಸೂದನ ಗುಪ್ತ ಬರುತ್ತಾರೆ. ೧೮೩೬ರಲ್ಲಿ ಜಾತಿಯ ಕಟ್ಟು ಮೀರಿ ಹೆಣ ಕೊಯ್ದವರು. ಅದು ಸಾಹಸವೇ. ಆದರೆ ಮುಟ್ಟುವುದು ಸಾಹಸವಾಗುವುದು ಮುಟ್ಟದವರಿಗೆ. ಹೆಣ ಹೊರುವುದು, ತೊಳೆಯುವುದು, ಹೊಲಿಯುವುದು ಪೀಳಿಗೆಯಿಂದ ಪೀಳಿಗೆಗೆ ಯಾರ ಪಾಲಿಗೆ ಬಂದಿತ್ತೋ ಅವರಿಗೆ ಚರಿತ್ರೆಯಲ್ಲಿ ಸಾಹಸದ ಪದಕವಿಲ್ಲ. ಇವತ್ತೂ ಶವಾಗಾರದ ಕೆಲಸಕ್ಕೆ ಯಾವ ಕೇರಿಯವರು ಬರುತ್ತಾರೆ ಅಂತ ಹೇಳಬೇಕಾದ್ದಿಲ್ಲ.

೨೦೧೯ರಿಂದ ಜಾರಿಯಾದ ಹೊಸ ಪಠ್ಯಕ್ರಮದಲ್ಲಿ ಶವವೇ ನಮ್ಮ ಮೊದಲ ಗುರು ಎಂಬ ಪಾಠವಿದೆ. ಹುಡುಗರು ಹೆಣದ ಮುಂದೆ ಕೈಮುಗಿದು ಪ್ರಮಾಣ ಮಾಡುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಆ ಗುರು ಹೇಗೆ ಅಲ್ಲಿಗೆ ಬಂದ? ದೇಹದಾನ ಮಾಡಿದವರೂ ಇರುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ, ಧರ್ಮಾಸ್ಪತ್ರೆಯ ವರಾಂಡದಲ್ಲಿ ಸತ್ತು ಯಾರೂ ಕೇಳದೆ ಬಂದವರೂ ಇರುತ್ತಾರೆ. ಬದುಕಿದ್ದಾಗ ಮಂಚ ಸಿಗದವನು ಸತ್ತ ಮೇಲೆ ಮೇಜು ಹತ್ತಿದ. ಗುರು ಅಂತ ಕರೆದ ಮೇಲೆ ಗುರುವಿನ ಚರಿತ್ರೆ ಕೇಳುವುದು ಶಿಷ್ಯನ ಕರ್ತವ್ಯ ತಾನೆ?

೨೦೨೨ರ ಮಾರ್ಚಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹಿಪೊಕ್ರಟಿಸನ ಪ್ರತಿಜ್ಞೆಯ ಬದಲು 'ಮಹರ್ಷಿ ಚರಕ ಶಪಥ'ವನ್ನು ಶಿಫಾರಸು ಮಾಡಿತು. ಮದುರೆಯ ಕಾಲೇಜಿನಲ್ಲಿ ಅದು ದೊಡ್ಡ ಗಲಾಟೆಯೂ ಆಯಿತು. ಆಯೋಗ ಕೊಟ್ಟದ್ದು ತಿದ್ದಿದ ಶಪಥ. ಚರಕ ಸಂಹಿತೆಯ ಮೂಲದಲ್ಲಿ ಗೋಬ್ರಾಹ್ಮಣರ ಹಿತ ಮೊದಲು ಎಂಬ ಮಾತಿದೆ, ರಾಜನ ದ್ವೇಷಕ್ಕೆ ಗುರಿಯಾದವರಿಗೂ ಗಂಡನೋ ಪೋಷಕನೋ ಜೊತೆಗಿಲ್ಲದ ಹೆಂಗಸಿಗೂ ಚಿಕಿತ್ಸೆ ಬೇಡ ಎಂಬ ಮಾತೂ ಇದೆ. ಅವನ್ನು ಬಿಟ್ಟದ್ದು ಸರಿಯಾದದ್ದೇ. ನನ್ನ ತಕರಾರು, ಬಿಟ್ಟಿದ್ದೇವೆ ಅಂತ ಹೇಳದೆ ಬಿಟ್ಟದ್ದರ ಬಗ್ಗೆ. ಹುಡುಗರಿಗೆ ಎರಡನ್ನೂ ಓದಿಸಿ, ಯಾವುದನ್ನು ಯಾಕೆ ಬಿಟ್ಟೆವು ಅಂತ ಹೇಳಿದ್ದರೆ ಅದು ಚರಿತ್ರೆಯ ಪಾಠವಾಗುತ್ತಿತ್ತು. ಮುಚ್ಚಿಟ್ಟಿದ್ದರಿಂದ ಅದು ಪೂಜೆಯಾಯಿತು.

೮

ಇಷ್ಟೆಲ್ಲ ಹೇಳಿದ ಮೇಲೆ ನಮ್ಮವರಲ್ಲೇ ಕೆಲವರು, ಹಾಗಾದರೆ ನಾಟಿ ವೈದ್ಯವೇ ನಮ್ಮದು, ಅದಕ್ಕೇ ಹಿಂದಿರುಗೋಣ ಅನ್ನಬಹುದು. ನಾನು ಒಪ್ಪುವುದಿಲ್ಲ. ಸೂಲಗಿತ್ತಿಯ ಕೈಗುಣದಿಂದ ಲಕ್ಷಾಂತರ ಮಕ್ಕಳು ಭೂಮಿಗೆ ಬಂದದ್ದು ನಿಜ. ಹೊಕ್ಕುಳ ಬಳ್ಳಿ ಕತ್ತರಿಸುವುದು ಮೈಲಿಗೆ ಅಂತ ಆ ಕೆಲಸವನ್ನು ಕೆಳಜಾತಿಯ ಹೆಂಗಸಿಗೇ ಬಿಟ್ಟದ್ದೂ ನಿಜ. ಕತ್ತರಿಸಿದ ಕುಡುಗೋಲಿನಿಂದ ಧನುರ್ವಾಯು ಬಂದು ಹಸುಗೂಸುಗಳು ಸತ್ತದ್ದೂ ಅಷ್ಟೇ ನಿಜ. ೨೦೧೫ರಲ್ಲಿ ಭಾರತ ಬಾಣಂತಿ ಮತ್ತು ಹಸುಗೂಸಿನ ಧನುರ್ವಾಯುವನ್ನು ನಿವಾರಿಸಿದೆ ಅಂತ ಘೋಷಣೆಯಾದದ್ದು ಚುಚ್ಚುಮದ್ದಿನಿಂದ, ಆಸ್ಪತ್ರೆಯ ಹೆರಿಗೆಯಿಂದ, ಶುಚಿಯಾದ ಕತ್ತರಿಯಿಂದ. ನಮ್ಮ ಮಕ್ಕಳಿಗೆ ಬೇಕಾದದ್ದು ಲಸಿಕೆ, ಐಸಿಯು, ರಕ್ತ. ಅಂಬೇಡ್ಕರ್ ನಮಗೆ ಹಳ್ಳಿಯ ಮೋಹ ಕಲಿಸಲಿಲ್ಲ. ಕಾಠಿಯಾವಾಡದ ಆ ತಾಯಿಗೆ ಬೇಕಾಗಿದ್ದದ್ದು ಬೇರುನಾರು ಅಲ್ಲ, ಮುಟ್ಟುವ ಡಾಕ್ಟರು.

ಹಾಗಾಗಿ ನಮ್ಮ ಬೇಡಿಕೆ ವಿಜ್ಞಾನದ ವಿರುದ್ಧದ್ದಲ್ಲ. ವಿಜ್ಞಾನದ ಲೆಕ್ಕದ ಪುಸ್ತಕ ಸರಿಯಾಗಿ ಬರೆಯಿರಿ ಅನ್ನುವುದು. ಯಾರಿಂದ ಏನು ಪಡೆದಿರಿ, ಅವರಿಗೆ ಏನು ಕೊಟ್ಟಿರಿ? ಈ ಎರಡು ಕಾಲಂ ಇಟ್ಟುಕೊಂಡು ವೈದ್ಯಕೀಯ ಚರಿತ್ರೆಯನ್ನು ಮತ್ತೆ ಬರೆದರೆ ಸಾಕು. ಸುಶ್ರುತನ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿಸಲಿ. ಕಾರ್ಪ್ಯೂ ಹೆಸರಿನ ಪಕ್ಕದಲ್ಲಿ ಇಟ್ಟಿಗೆಯವನಿಗೂ ಒಂದು ಸಾಲು ಬಿಡಲಿ. ಜೆನ್ನರನ ಜೊತೆ ಕೇರಿಯ ಮಕ್ಕಳ ತೋಳು ಬರಲಿ. ಕ್ಯಾಸನೂರಿನ ಪಾಠದಲ್ಲಿ ಬೆಟ್ಟದ ಹಕ್ಕಿನ ಕಾನೂನೂ ಇರಲಿ.

ಇದರಿಂದ ಏನು ಬದಲಾಗುತ್ತದೆ ಅಂತ ಕೇಳಬಹುದು. ಮೀಸಲಾತಿಯಲ್ಲಿ ಸೀಟು ಪಡೆದು ಕಾಲೇಜಿಗೆ ಬರುವ ಹುಡುಗಿಗೆ ಮೊದಲ ದಿನವೇ ಈ ವಿದ್ಯೆ ನಿಮ್ಮವರದಲ್ಲ, ಕೃಪೆಯಿಂದ ಒಳಗೆ ಬಂದಿದ್ದೀಯ ಅನ್ನುವ ಮಾತು ಕಿವಿಗೆ ಬೀಳುತ್ತದೆ. ಬಾಯಿಬಿಟ್ಟು ಅನ್ನದಿದ್ದರೂ ಮೊದಲ ಅಧ್ಯಾಯ ಅದನ್ನೇ ಹೇಳುತ್ತಿರುತ್ತದೆ. ಗಿಡ ತೋರಿಸಿದವರು, ಮೂಗು ಕಟ್ಟಿದವರು, ತೋಳು ಕೊಟ್ಟವರು, ಹೆಣವಾಗಿ ಮಲಗಿದವರು ತನ್ನವರೇ ಅಂತ ಅವಳಿಗೆ ಗೊತ್ತಾದರೆ ಅವಳು ತಲೆ ತಗ್ಗಿಸಿ ಕೂರುವುದಿಲ್ಲ. ಅವಳ ಪಕ್ಕದಲ್ಲಿ ಕೂತ ಮೇಲುಜಾತಿಯ ಹುಡುಗನಿಗೂ ಅದು ಗೊತ್ತಾಗಬೇಕು. ನಾಳೆ ಸಿದ್ದಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ದರಕು ಹೊತ್ತು ಜ್ವರ ಬಂದವಳು ಬಂದಾಗ ಅವಳ ಕೈ ಹಿಡಿದು ನಾಡಿ ನೋಡಬೇಕಾದವನು ಅವನೇ.